ಬಿಳಿ ಕಾರ್ಡು, ಮಕ್ಕಳ ರಕ್ತ

ನಮ್ಮಲ್ಲಿ ಬಿಳಿ ರೇಷನ್ ಕಾರ್ಡಿಗೆ ಅಕ್ಕಿಯ ಜೊತೆಗೆ ಆಸ್ಪತ್ರೆಯ ಬಾಗಿಲೂ ತೆರೆದದ್ದು ಆರೋಗ್ಯಶ್ರೀಯಿಂದ. 2007ರ ಏಪ್ರಿಲ್ 1ರಂದು ಅದು ಶುರುವಾದದ್ದು ಮೂರೇ ಜಿಲ್ಲೆಗಳಲ್ಲಿ. ಅನಂತಪುರ, ಮಹಬೂಬ್‌ನಗರ ಅವುಗಳಲ್ಲಿ ಎರಡು. ಕನ್ನಡ ಮಾತಾಡುವ ಮನೆಗಳಿರುವ ಗಡಿನಾಡು.

ಹೃದಯದ ಆಪರೇಷನ್ ಒಮ್ಮೆ ಮುಗಿದೀತು. ಥಲಸ್ಸೀಮಿಯಾ ಹಾಗಲ್ಲ. ಎರಡು-ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣಾಂಶಕ್ಕೆ ದಿನವೂ ಔಷಧಿ. ಆ ತಾಯಂದಿರಿಗೆ ಕ್ಯಾಲೆಂಡರೇ ಬೇರೆ! ಹೈದರಾಬಾದಿನ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿ 1998ರಷ್ಟು ಹಿಂದೆಯೇ ಹುಟ್ಟಿತು. ಕಾನೂನು ಮಾತ್ರ ಈ ಕಾಯಿಲೆಯನ್ನು ಅಂಗವೈಕಲ್ಯವೆಂದು ಒಪ್ಪಿದ್ದು 2016ರಲ್ಲಿ. ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದರೆ ಸರ್ಕಾರಿ ಕಾಲೇಜಿನ ಶೇ. 5 ಮೀಸಲಿನಲ್ಲಿ ಅರ್ಜಿ ಹಾಕಬಹುದು. ಅದೇ ಕಾಯ್ದೆಯ ಸರ್ಕಾರಿ ನೌಕರಿಯ ಮೀಸಲು ಪಟ್ಟಿಯಲ್ಲಿ ರಕ್ತದ ಕಾಯಿಲೆಗಳ ಹೆಸರಿಲ್ಲ.