ಎದುರಾಳಿಯನ್ನು ಉಳಿಸಿದವನು

ಕ್ರಿ.ಶ. 202ರ ಸುಮಾರು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಲಿಯೊನಿಡೆಸ್ ಎಂಬಾತ ಕ್ರೈಸ್ತ ಅನ್ನೋ ಕಾರಣಕ್ಕೆ ಸೆರೆಮನೆ ಸೇರಿದ್ದ. ಹದಿನೇಳೂ ತುಂಬದ ಅವನ ಹಿರಿಮಗ ತಾನೂ ಹೋಗಿ ಸಾಯ್ತೀನಿ ಅಂತ ಹಟ ಹಿಡಿದ. ಬೇಡಿಕೊಂಡು ಸೋತ ತಾಯಿ ಅವನ ಬಟ್ಟೆಗಳನ್ನೆಲ್ಲ ಬಚ್ಚಿಟ್ಟಳು. ಬರಿಮೈಯಲ್ಲಿ ಬೀದಿಗಿಳಿಯೋದು ಹೇಗೆ? ಹುಡುಗ ಮನೆಯಲ್ಲೇ ಉಳಿದ. ಚರ್ಚಿನ ಇತಿಹಾಸ ಬರೆದ ಯುಸೇಬಿಯಸ್ ಹೇಳುವ ಕತೆ ಇದು.

ಆ ಹುಡುಗನೇ ಓರಿಜೆನ್. ಅಪ್ಪನ ತಲೆ ಹೋಯಿತು, ಆಸ್ತಿ ಜಪ್ತಿಯಾಯಿತು, ಬೆನ್ನಿಗೆ ಆರು ಜನ ತಮ್ಮಂದಿರು. ಪಾಠ ಹೇಳಿ ಬದುಕಿದ. ಮುಂದೆ ತನ್ನ ಗ್ರೀಕ್ ಪುಸ್ತಕಗಳನ್ನೆಲ್ಲ ದಿನಕ್ಕೆ ನಾಲ್ಕು ಒಬೊಲ್ ನಾಣ್ಯದ ಕರಾರಿಗೆ ಮಾರಿಬಿಟ್ಟ. ಪುಸ್ತಕ ಮಾರಿದ ಮಾತ್ರಕ್ಕೆ ಪ್ಲೇಟೊ ತಲೆಯಿಂದ ಹೋಗ್ತಾನಾ? ಕೊನೆವರೆಗೂ ಹೋಗಲಿಲ್ಲ.

ನನಗೆ ಈತ ಹಿಡಿಸೋದು ಒಂದು ಜಗಳದಿಂದ. ಸೆಲ್ಸಸ್ ಎಂಬ ಪಂಡಿತ ಸುಮಾರು 178ರಲ್ಲಿ ಕ್ರೈಸ್ತರ ಮೇಲೆ ಒಂದು ಖಾರವಾದ ಪುಸ್ತಕ ಬರೆದಿದ್ದ. ಇವರು ಪ್ರಶ್ನೆ ಕೇಳಬೇಡ, ನಂಬು ಅಂತಾರೆ. ಇವರಲ್ಲಿನ ಚಮ್ಮಾರರಂಥವರು ಮಕ್ಕಳನ್ನು ಹಿಡಿದು ಮರುಳು ಮಾಡ್ತಾರೆ. ಯೇಸು ಒಬ್ಬ ಸೈನಿಕನಿಗೆ ಹುಟ್ಟಿದವನು. ಇಂಥವೇ ಮಾತು. ಸುಮಾರು ಎಪ್ಪತ್ತು ವರ್ಷದ ನಂತರ ಗೆಳೆಯ ಆಂಬ್ರೋಸ್ ಇದಕ್ಕೆ ಉತ್ತರ ಬರಿ ಅಂತ ದುಂಬಾಲು ಬಿದ್ದ. ಓರಿಜೆನ್‌ಗೆ ಮನಸ್ಸಿರಲಿಲ್ಲ, ಸುಳ್ಳು ಸಾಕ್ಷಿಗಳ ಮುಂದೆ ಯೇಸು ಸುಮ್ಮನಿದ್ದನಲ್ಲ ಅನ್ನೋದು ಅವನ ವಾದ. ಆದರೂ ಬರೆದ, ಎಂಟು ಸಂಪುಟ!

ಹೇಗೆ ಬರೆದ ನೋಡಿ. ಸೆಲ್ಸಸ್‌ನ ಮಾತನ್ನು ಅವನದೇ ಪದಗಳಲ್ಲಿ ಮೊದಲು ಇಡ್ತಾನೆ, ಆಮೇಲೆ ಉತ್ತರ. ಆ ಸೈನಿಕನ ಕತೆಯನ್ನೂ ಮುಚ್ಚಿಡಲಿಲ್ಲ. ಹಾಗಂತ ಸಾಧುವೇನಲ್ಲ; ಚುಚ್ಚುತ್ತಾನೆ, ಕೆಲವು ಮಾತುಗಳನ್ನು ಬಿಟ್ಟು ಮುಂದೆ ಹೋಗ್ತಾನೆ. ಆದರೆ ಸೆಲ್ಸಸ್‌ನ ಮೂಲ ಪುಸ್ತಕ ಇವತ್ತು ಉಳಿದಿಲ್ಲ. ಅವನು ಏನಂದ ಅಂತ ತಿಳಿಯೋಕೆ ಈ ವಿರೋಧಿಯ ಪುಸ್ತಕವೇ ಗತಿ.

250ರಲ್ಲಿ ಚಕ್ರವರ್ತಿ ಡೇಸಿಯಸ್‌ನ ಕಾಲದ ಹಿಂಸೆಯಲ್ಲಿ ಮುದುಕ ಓರಿಜೆನ್‌ನ ಕೊರಳಿಗೆ ಕಬ್ಬಿಣ ಬಿತ್ತು, ಕಾಲುಗಳನ್ನು ಕೋಳದ ನಾಲ್ಕನೇ ತೂತಿನವರೆಗೆ ಎಳೆದರು. ಜಗ್ಗಲಿಲ್ಲ. ಕೆಲ ವರ್ಷಗಳಲ್ಲೇ ತೀರಿಕೊಂಡ.

ಆಮೇಲಿನದು ನನಗೆ ಹೊಟ್ಟೆ ಉರಿಸುವ ಭಾಗ. ಕೊನೆಗೊಂದು ದಿನ ಎಲ್ಲ ಆತ್ಮಗಳೂ ದೇವರತ್ತ ಮರಳಬಹುದು, ನರಕವೂ ಕಾಯಂ ಅಲ್ಲ ಅನ್ನೋ ದಿಕ್ಕಿನಲ್ಲಿ ಯೋಚಿಸಿದ್ದಕ್ಕೆ, 553ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ ಅವನು ಧರ್ಮದ್ರೋಹಿಗಳ ಪಟ್ಟಿ ಸೇರಿದ್ದ. ಬರೆದ ಬಹುಪಾಲು ಗ್ರೀಕ್ ಮೂಲದಲ್ಲಿ ಅಳಿಯಿತು. ಅವನ ಮುಖ್ಯ ತತ್ತ್ವಗ್ರಂಥ ಪೂರ್ತಿಯಾಗಿ ಸಿಗೋದು ರುಫಿನಸ್‌ನ ಲ್ಯಾಟಿನ್ ಅನುವಾದದಲ್ಲಿ ಮಾತ್ರ. ರುಫಿನಸ್ ಅವನ ಅಭಿಮಾನಿ. ತೊಂದರೆ ಕೊಡಬಹುದಾದ ಸಾಲುಗಳನ್ನು ತಿದ್ದಿದ್ದೇನೆ, ಬಿಟ್ಟಿದ್ದೇನೆ ಅಂತ ಮುನ್ನುಡಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ.