ಎಣ್ಣೆಯ ಹದ: ಚಿಕ್ಕ ವಿಮಾನಗಳ ಚರಿತ್ರೆಯಲ್ಲಿ ಮರೆತ ಒಂದು ಪುಟ

ನವಿ ಮುಂಬಯಿಯ ವಿಮಾನ ನಿಲ್ದಾಣವು 2025ರ ಅಕ್ಟೋಬರ 8ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಡಿಸೆಂಬರ 25ರಂದು ಅಲ್ಲಿಂದ ಪ್ರಯಾಣಿಕರ ಸಂಚಾರ ಮೊದಲಾಯಿತು. ಪನವೇಲ, ನೆರೂಳ, ಉಲವೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆತನಗಳ ಮಕ್ಕಳು ಜೆಟ್ ವಿಮಾನಗಳ ಮೊರೆತವನ್ನು ಕೇಳುತ್ತ ಬೆಳೆಯುತ್ತಾರೆ. ಆದರೆ ಈ ನಗರದ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಒಂದೇ ಎಂಜಿನ್ನಿನ ಪುಟ್ಟ ವಿಮಾನವೊಂದು ಮುಂಬಯಿಯಿಂದ ಕನ್ನಡ ನಾಡಿಗೆ ಟಪಾಲು ಹೊತ್ತು ಹಾರಿತ್ತೆಂಬುದನ್ನು ಬಲ್ಲವರು ವಿರಳ. ಅಂಥ ವಿಮಾನಗಳ ಪ್ರಾಣವು ಎಂಜಿನ್ನಿನೊಳಗಿನ ಎಣ್ಣೆಯ ಹದವನ್ನು ಅವಲಂಬಿಸಿತ್ತೆಂಬುದನ್ನು ಬಲ್ಲವರು ಇನ್ನೂ ವಿರಳ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಹದವೆಂದರೇನೆಂಬುದನ್ನು ನಮ್ಮ ಮನೆಯ ಕೊಬ್ಬರಿ ಎಣ್ಣೆಯೇ ಹೇಳಬಲ್ಲದು. ಮಾಗಿಯ ಚಳಿಯಲ್ಲಿ ಬೆಂಗಳೂರಿನ ನಮ್ಮ ನೆಂಟರ ಮನೆಯಲ್ಲಿ ಅದು ಸೀಸೆಯಲ್ಲಿ ಹೆಪ್ಪುಗಟ್ಟಿ ಕೂಡುತ್ತದೆ. ಠಾಣೆ, ಡೊಂಬಿವಲಿಗಳ ಬೇಸಿಗೆಯಲ್ಲಿ ನೀರಿನಂತೆ ಹರಿಯುತ್ತದೆ. ಎಂಜಿನ್ನಿನ ಎಣ್ಣೆಯ ಸ್ವಭಾವವೂ ಹೆಚ್ಚುಕಡಿಮೆ ಇದೇ. ತಣ್ಣಗಿದ್ದಾಗ ದಪ್ಪಗಾಗಿ, ಸಣ್ಣ ದಾರಿಗಳಲ್ಲಿ ಬೇಗ ನುಗ್ಗಲಾರದು. ಅತಿಯಾಗಿ ಕಾದರೆ ತೆಳುವಾಗಿ, ಉಜ್ಜುವ ಲೋಹಗಳ ನಡುವೆ ನಿಲ್ಲಬೇಕಾದ ಪೊರೆಯೇ ಹರಿದುಹೋಗುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ನಿನಲ್ಲಿ ಈ ಎಣ್ಣೆಗೆ ಎರಡು ಕೆಲಸ: ಜಾರಿಕೆ ಕೊಡುವುದೊಂದು, ಒಳಗಿನ ಬಿಸಿಯನ್ನು ಹೊರಗೆ ಹೊತ್ತು ತರುವುದು ಇನ್ನೊಂದು.

ಮೊದಮೊದಲ ವಿಮಾನಗಳಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. 1908ರ ಸುಮಾರಿಗೆ ಫ್ರಾನ್ಸಿನ ಸೆಗ್ವಾಂ ಸಹೋದರರು ರೂಪಿಸಿದ ನೋಮ್ ಎಂಜಿನ್ನಿನಲ್ಲಿ ಸಿಲಿಂಡರುಗಳೇ ಗಿರಗಿರನೆ ತಿರುಗುತ್ತಿದ್ದವು. ಅದಕ್ಕೆ ಹಾಕುತ್ತಿದ್ದುದು ನಮ್ಮ ಹೊಲಗಳಲ್ಲೂ ಬೆಳೆಯುವ ಔಡಲದ ಹರಳೆಣ್ಣೆ! ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗದೆಂಬುದೇ ಅದರ ಹೆಚ್ಚುಗಾರಿಕೆ. ಒಮ್ಮೆ ಒಳಹೊಕ್ಕ ಎಣ್ಣೆ ಉರಿದು ಹೊಗೆಯಾಗಿಯೋ ಹನಿಯಾಗಿಯೋ ಹೊರಬೀಳುತ್ತಿತ್ತು. ಮರಳಿ ಬಳಸುವ ಮಾತೇ ಇಲ್ಲ. ಹೊಗೆಯೊಡನೆ ಹರಳೆಣ್ಣೆಯನ್ನು ನುಂಗಿದ ವೈಮಾನಿಕರ ಹೊಟ್ಟೆಯ ಪಾಡನ್ನು ವಾಚಕರು ಊಹಿಸಬಲ್ಲರು. ಮುಂದೆ ಸಿಲಿಂಡರುಗಳು ಸ್ಥಿರವಾದವು. ಅದೇ ಎಣ್ಣೆ ಸುತ್ತಿ ಸುತ್ತಿ ಬರತೊಡಗಿತು. ಎಣ್ಣೆಯ ಬಿಸಿಯನ್ನು ಕಾಯುವ ಹೊಣೆ ಆಗಲೇ ಮನುಷ್ಯನ ಮೇಲೆ ಬಿದ್ದಿತು.

1932ರ ಅಕ್ಟೋಬರ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಜುಹುವಿಗೆ ಟಪಾಲು ತಂದರು. ವಿಮಾನವು ಪಸ್ ಮಾತ್. ಅದರ ಜಿಪ್ಸಿ ಎಂಜಿನ್ನು 120 ಅಶ್ವಶಕ್ತಿಯದು. ಇಷ್ಟನ್ನು ಎಲ್ಲರೂ ಓದಿದ್ದೇವೆ. ಜುಹುವಿನಿಂದ ಮುಂದೆ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರೆಂಬುದನ್ನು ಮಾತ್ರ ಬಹುಮಂದಿ ಮರೆತಿದ್ದಾರೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. 1953ರ ಅಕ್ಟೋಬರ 1ರಂದು ಮೈಸೂರನ್ನು ಸೇರಿತು. ಭಾರತದ ವಿಮಾನ ಟಪಾಲಿನ ಈ ದೊಡ್ಡ ಅಧ್ಯಾಯದ ಮೊದಲ ಪುಟದಲ್ಲಿಯೇ ಕನ್ನಡದ ಒಂದು ಊರಿದೆ ಎಂಬುದು ನಮಗೆ ಹೆಮ್ಮೆಯ ಮಾತು.

ನಕ್ಷೆಯಲ್ಲಿ ಜುಹುವಿನಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ, ಅದು ಉರಣ-ಪನವೇಲ ಸೀಮೆಯನ್ನು ಹಾಯ್ದು ಸಹ್ಯಾದ್ರಿಯನ್ನೇರುತ್ತದೆ. ಈ ಭಾಗದ ಅಕ್ಟೋಬರ ಬಿಸಿಲು ಎಂಥದೆಂಬುದನ್ನು ನಮ್ಮವರಿಗೆ ಹೇಳಬೇಕಿಲ್ಲ. ಸಮುದ್ರಮಟ್ಟದಿಂದ ಘಟ್ಟದ ಮೇಲಕ್ಕೆ ಏರುವಾಗಲೇ ಎಂಜಿನ್ನಿಗೆ ನಿಜವಾದ ಪರೀಕ್ಷೆ. ಶಕ್ತಿಯೆಲ್ಲ ವ್ಯಯವಾಗುತ್ತಿರುತ್ತದೆ, ವೇಗ ಕಡಿಮೆ. ಆದುದರಿಂದ ತಂಪು ಮಾಡುವ ಗಾಳಿಯೂ ಕಡಿಮೆ. ಎಣ್ಣೆ ಕಾದು ತೆಳುವಾಗಿ ಬೇರಿಂಗು ಹಿಡಿದುಕೊಂಡರೆ ಇನ್ನೊಂದು ಎಂಜಿನ್ನಿಲ್ಲ; ಕೆಳಗೆ ಕಣಿವೆ, ಕಾಡು. ಜಾಣ ವೈಮಾನಿಕನು ಇಂಥಲ್ಲಿ ಹಟಕ್ಕೆ ಬೀಳುವುದಿಲ್ಲ. ಮೂಗನ್ನು ತುಸು ತಗ್ಗಿಸಿ ವೇಗ ಹೆಚ್ಚಿಸುತ್ತಾನೆ, ಗಾಳಿ ಉಣ್ಣಿಸುತ್ತಾನೆ, ಮತ್ತೆ ಏರುತ್ತಾನೆ.

ಎರಡನೆಯ ಮಹಾಯುದ್ಧವು ವಿಮಾನವನ್ನು ನಮ್ಮ ಊರುಗಳ ಬಾಗಿಲಿಗೇ ತಂದಿತು. ಕಲ್ಯಾಣದ ಬಳಿಯ ನೇವಾಳಿಯಲ್ಲಿ ಯುದ್ಧಕ್ಕಾಗಿ ವಿಮಾನಪಟ್ಟಿ ಎದ್ದಿತು. ಅದಕ್ಕೆ ನೆಲ ಕಳೆದುಕೊಂಡ ಒಕ್ಕಲು ಮನೆತನಗಳ ಅಳಲು 2017ರಲ್ಲಿಯೂ ಬೀದಿಗೆ ಬಂದುದನ್ನು ಕಲ್ಯಾಣದವರು ಕಂಡಿದ್ದಾರೆ. ಅತ್ತ ಬೆಂಗಳೂರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರದಲ್ಲಿ ಹಿಂದುಸ್ತಾನ್ ವಿಮಾನ ಕಾರಖಾನೆಯನ್ನು ಸ್ಥಾಪಿಸಿದರು.

ಆ ಕಾರಖಾನೆಯಲ್ಲಿ ನಮ್ಮದೇ ಆದ ತರಬೇತಿ ವಿಮಾನವನ್ನು ರೂಪಿಸಿದವರು ಡಾ. ವಿ. ಎಂ. ಘಾಟಗೆಯವರು. ಅವರು ಮಹಾರಾಷ್ಟ್ರದಲ್ಲಿ ಹುಟ್ಟಿ, ಜರ್ಮನಿಯ ಗಟಿಂಗನ್ನಿನಲ್ಲಿ ಪ್ರಾಂಟ್ಲರ ಬಳಿ ಕಲಿತು, ಬೆಂಗಳೂರನ್ನು ಕರ್ಮಭೂಮಿಯಾಗಿ ಮಾಡಿಕೊಂಡರು. ನಾವು ಕನ್ನಡದಿಂದ ಇಲ್ಲಿಗೆ ಬಂದೆವು. ಅವರು ಇಲ್ಲಿಂದ ಅಲ್ಲಿಗೆ ಹೋದರು. ಅವರ ಎಚ್‌ಟಿ-2 ವಿಮಾನವು 1951ರ ಆಗಸ್ಟಿನಲ್ಲಿ ಮೊದಲು ಹಾರಿತು. 1958ರಲ್ಲಿ 90 ಅಶ್ವಶಕ್ತಿಯ ಪುಷ್ಪಕ ಬಂದಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ತರುಣರು ಅದರಲ್ಲಿಯೇ ರೆಕ್ಕೆ ಬಲಿಸಿಕೊಂಡರು.

ಇಂಥ ವಿಮಾನದಲ್ಲಿ ಹೊಸಬನು ಕಲಿಯಬೇಕಾದ ಮೊದಲ ಪಾಠವೆಂದರೆ ಕಾಯುವುದು. ಬೆಳಗಿನ ತಂಪಿನಲ್ಲಿ ಎಂಜಿನ್ನು ಹೊತ್ತಿಕೊಂಡೊಡನೆ ಒತ್ತಡದ ಮುಳ್ಳು ಮೇಲಕ್ಕೆ ಜಿಗಿಯುತ್ತದೆ. ಎಲ್ಲ ಸರಿಯಾಗಿದೆಯೆಂದು ಹುಡುಗ ನಂಬುತ್ತಾನೆ. ದಪ್ಪ ಎಣ್ಣೆ ಒತ್ತಡವನ್ನೇನೋ ತೋರಿಸುತ್ತದೆ; ತಲುಪಬೇಕಾದ ಮೂಲೆಗಳನ್ನು ಸಾಕಷ್ಟು ತಲುಪಿರುವುದಿಲ್ಲ. ಬಿಸಿಯ ಮುಳ್ಳು ಏಳುವವರೆಗೆ ನಿಧಾನಗತಿಯಲ್ಲಿಯೇ ಓಡಿಸುತ್ತಿರಬೇಕು. ಎರಡನೆಯ ಪಾಠ, ಎರಡು ಮುಳ್ಳುಗಳನ್ನೂ ಕೂಡಿಸಿ ಓದುವುದು. ಬಿಸಿಯೊಂದೇ ಏರಿದರೆ ಕಾರಣ ಹುಡುಕಲು ವ್ಯವಧಾನವಿರಬಹುದು. ಬಿಸಿ ಏರುತ್ತ ಒತ್ತಡ ಇಳಿಯತೊಡಗಿದರೆ ಹತ್ತಿರದ ನೆಲವೇ ಗತಿ.

ಹಾರುವವನಷ್ಟೇ ಹೊಣೆ ನೆಲದ ಮೇಲಿನ ಮೆಕ್ಯಾನಿಕನದು. ಗಾಳಿಯನ್ನು ಸಿಲಿಂಡರುಗಳ ಸುತ್ತ ತಿರುಗಿಸುವ ತಗಡಿನ ತಡಿಕೆಗಳ ರಬ್ಬರು ಅಂಚು ಹರಿದರೆ ಗಾಳಿ ಸೋರಿಹೋಗುತ್ತದೆ. ಎಣ್ಣೆಯ ರೇಡಿಯೇಟರಿನಲ್ಲಿ ಧೂಳು ಕೂತರೆ, ಅದರ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದರೆ, ಬಿಸಿ ಏರಿತೆಂದೇ ಅರ್ಥ. ಇನ್ನು ಕೊಂಕಣದ ಮಳೆಗಾಲದಲ್ಲಿ ಎದುರಾಳಿ ಬಿಸಿಯಲ್ಲ, ತಂಪು. ಎಣ್ಣೆ ಸಾಕಷ್ಟು ಕಾಯದಿದ್ದರೆ ಅದರಲ್ಲಿ ಸೇರಿದ ನೀರಿನ ಪಸೆ ಆರುವುದಿಲ್ಲ. ನಿಂತ ಎಂಜಿನ್ನಿಗೆ ಒಳಗಿಂದಲೇ ತುಕ್ಕು ಹತ್ತುತ್ತದೆ.

1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32 ದೀಪಕ್ ವಿಮಾನವನ್ನು, ಎಂಜಿನ್ನು ನಿಂತು ಸಂಭವಿಸಿದ ಅಪಘಾತಗಳ ತರುವಾಯ, ವಾಯುಪಡೆಯು 2009ರಲ್ಲಿ ನೆಲಕ್ಕಿಳಿಸಿತು. ಅದು ಎಣ್ಣೆಯ ದೋಷವೆಂದು ನಾವು ಹೇಳುತ್ತಿಲ್ಲ. ಒಂಟಿ ಎಂಜಿನ್ನು ನಿಂತರೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಆ ವಿಮಾನಗಳಲ್ಲಿ ಮಡಿದ ತರುಣರೇ ಸಾಕ್ಷಿ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯದ ಹಂಸ ವಿಮಾನವು 1993ರಲ್ಲಿ ಹಾರಿತು. ಅದರ ಹೊಸ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರದಲ್ಲಿ ಹಾರಿತು. ಅದರ ರೋಟಾಕ್ಸ್ ಎಂಜಿನ್ನಿಗೆ ಬೇರೆಯೇ ಎಣ್ಣೆತೊಟ್ಟಿ, ಬೇರೆಯೇ ರೇಡಿಯೇಟರು. ಎಣ್ಣೆ 50 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯದೆ ನೆಲ ಬಿಡಬಾರದು, 90ರಿಂದ 110 ಅದರ ಹದ, 130 ಮೀರಬಾರದು. ಹಾರುವ ದಿನ ಒಮ್ಮೆಯಾದರೂ 100ನ್ನು ಮುಟ್ಟಿದರೆ ನೀರಿನ ಪಸೆ ಆವಿಯಾಗಿ ಹೋಗುತ್ತದೆ. ಇಂದು ಈ ಅಂಕಿಗಳು ಪರದೆಯ ಮೇಲೆಯೇ ಮೂಡುತ್ತವೆ. ಆದರೆ ಅಂಕಿ ಕಂಡ ಮೇಲೆ ಕಾಯುವ ತಾಳ್ಮೆ ಮಾತ್ರ ಪರದೆಯಿಂದ ಬರುವುದಿಲ್ಲ.

ಅಡಿಗೆಮನೆಯ ಪಾಕಕ್ಕೂ, ಬಿತ್ತುವ ನೆಲಕ್ಕೂ, ಕಮ್ಮಾರನ ಕಬ್ಬಿಣಕ್ಕೂ ನಮ್ಮ ಹಿರಿಯರು ಒಂದೇ ಮಾತು ಬಳಸಿದರು: ಹದ. ಎಂಜಿನ್ನಿನ ಎಣ್ಣೆಗೂ ಅದೇ ಮಾತು ಸಲ್ಲುತ್ತದೆ. ಹೊಸ ನಿಲ್ದಾಣದಲ್ಲಿ ನಾಳೆ ನಮ್ಮ ಮಕ್ಕಳು ವೈಮಾನಿಕರಾಗಿಯೋ ಮೆಕ್ಯಾನಿಕರಾಗಿಯೋ ದುಡಿಯಬಹುದು. ಅವರಿಗೆ ವಿಮಾನ ತೋರಿಸಲು ಕರೆದೊಯ್ದಾಗ ಬಳ್ಳಾರಿಗೆ ಹೋದ ಟಪಾಲಿನ ಕತೆಯನ್ನು ಕನ್ನಡದಲ್ಲಿಯೇ ಹೇಳೋಣ. ಹಾರುವ ಮುನ್ನ ಮುಳ್ಳು ಏಳಲೆಂದು ಸುಮ್ಮನೆ ಕಾದು ಕೂತವರ ಕತೆಯನ್ನೂ ಜೊತೆಗೆ ಹೇಳೋಣ.