ಎಸೆತ: ಬಿಲ್ಲಿನಿಂದ ಬಂದ ಮಾತು

ಕ್ರೀಡಾಪುಟದಲ್ಲಿ ದಿನವೂ ಕಣ್ಣಿಗೆ ಬೀಳುವ ‘ಎಸೆತ’ ಎಂಬ ಮಾತನ್ನು ಕೆಲವರು ಒಪ್ಪುವುದಿಲ್ಲ. ಕ್ರಿಕೆಟ್ಟಿನಲ್ಲಿ ಬೌಲರ್ ಚೆಂಡನ್ನು ಎಸೆದರೆ ಅಂಪೈರ್ ನೋಬಾಲ್ ಕೊಡುತ್ತಾರೆ, ಹಾಗಿದ್ದ ಮೇಲೆ ಬೌಲಿಂಗಿಗೆ ಎಸೆತ ಎನ್ನುವುದು ಹೇಗೆ ಎಂಬುದು ಅವರ ತಕರಾರು. ಇಂದಿನ ಅರ್ಥವನ್ನಷ್ಟೇ ಹಿಡಿದರೆ ತಕರಾರು ಸರಿ. ಆದರೆ ಈ ಪದ ಬಾಳಿ ಬಂದ ದಾರಿಯನ್ನು ನೋಡಿದರೆ, ಕನ್ನಡಕ್ಕೆ ಇದಕ್ಕಿಂತ ತಕ್ಕ ಮಾತು ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಹಳಗನ್ನಡದಲ್ಲಿ ಇದು ‘ಎಸು’, ಕೆಲವೆಡೆ ‘ಇಸು’. ಬಾಣ ಬಿಡು ಎಂದು ಅರ್ಥ. ಬಾಣಪ್ರಯೋಗಕ್ಕೆ ‘ಎಸುಗೆ’, ಬಾಣ ಬಿಟ್ಟನು ಎನ್ನಲು ‘ಎಚ್ಚನು’. ಕುಮಾರವ್ಯಾಸನ ಯುದ್ಧಪರ್ವಗಳನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಈ ‘ಎಚ್ಚನು’ ಚೆನ್ನಾಗಿ ಪರಿಚಿತ. ತಮಿಳಿನ ‘ಎಯ್’, ಮಲಯಾಳದ ‘ಎಯ್ಯುಕ’ ಇದರ ಒಡಹುಟ್ಟುಗಳು. ಅಲ್ಲಿ ಇವತ್ತಿಗೂ ಅವು ಅಂಬಿನ ಜೊತೆಗೇ ಉಳಿದಿವೆ. ಹಳೆಯ ಕಾವ್ಯಗಳಲ್ಲಿ ಶೋಭಿಸು ಎಂಬ ಅರ್ಥದ ‘ಎಸೆ’ ಕೂಡ ಇದೆ. ಅದು ಬೇರೆಯೇ ಪದ, ಎರಡನ್ನೂ ಬೆರೆಸಬಾರದು.

ಬಿಲ್ಲಿನ ಎಸುಗೆಯನ್ನು ಕಣ್ಣಾರೆ ನೋಡಬೇಕೆಂದರೆ ಹಳೇಬೀಡಿಗೆ ಹೋಗಬೇಕು. ಹನ್ನೆರಡನೆಯ ಶತಮಾನದ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಮೇಲೆ ಮಹಾಭಾರತದ ಯುದ್ಧವೇ ನಡೆದಿದೆ. ರಥದ ಮೇಲೆ ನಿಂತ ಬಿಲ್ಲಾಳಿನ ಒಂದು ತೋಳು ಮುಂದಕ್ಕೆ ಸೆಟೆದು ಚಾಚಿದೆ, ಇನ್ನೊಂದು ಹೆದೆಯನ್ನು ಕಿವಿಯವರೆಗೆ ಎಳೆದಿದೆ. ಮೈಯ ಭಾರವೆಲ್ಲ ಗುರಿಯ ಕಡೆಗೆ ವಾಲಿದೆ. ಎಸುಗೆ ಎಂದರೆ ಇದು: ಗುರಿ ಹಿಡಿಯುವುದು, ಬಿಗಿಯುವುದು, ಸರಿಯಾದ ಗಳಿಗೆಯಲ್ಲಿ ಬಿಡುವುದು.

ಬಿಲ್ಲು ಬಾಣ ಮೂಲೆ ಸೇರಿದ ಮೇಲೆ ಪದ ಬಡವಾಯಿತು. ಗುರಿ ಕಳೆದುಕೊಂಡು ಬರಿಯ ಕೈಗೆ ಬಂತು. ಕಲ್ಲು ಎಸೆ, ಕಸ ಎಸೆ, ಬೇಡವಾದದ್ದನ್ನು ಎಸೆ. ‘ಬಿಸಾಕು’ ಎಂಬುದಕ್ಕೂ ಇದಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಹಾಗೆ ಇಳಿದುಹೋಗಿದ್ದ ಪದಕ್ಕೆ ಗುರಿಯನ್ನು ಮರಳಿ ಕೊಟ್ಟದ್ದು ಕ್ರಿಕೆಟ್ಟು. ಇಂಗ್ಲಿಷಿನ ‘ಬೌಲ್’ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದ ಕಾಲದ ಮಾತು. ಕೈಯನ್ನು ಭುಜದ ಮೇಲೆತ್ತಿ ಬೌಲ್ ಮಾಡಲು ನಿಯಮ ಒಪ್ಪಿಗೆ ಕೊಟ್ಟದ್ದು 1864ರಲ್ಲಿ. ಆಟ ಬದಲಾದರೂ ಇಂಗ್ಲಿಷಿನಲ್ಲಿ ಹೆಸರು ಹಾಗೆಯೇ ಉಳಿಯಿತು. ಕನ್ನಡದ ಪದವಾದರೋ ಗಾಳಿಯಲ್ಲಿ ಸಾಗುವ ಬಾಣದ್ದು. ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೆಟ್ಟಗೆ ಮಾಡಿದರೆ ತಪ್ಪು ಎಂಬ 2005ರ ನಿಯಮ ತಡೆಯುವುದು ಕಲ್ಲೆಸೆಯುವ ಕೈಯನ್ನು, ಬಿಲ್ಲಿನಿಂದ ಬಂದ ಎಸೆತವನ್ನಲ್ಲ.

ಮೈದಾನದ ಹುಡುಗರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಬೌಲರ್‌ಗೆ ‘ಬಾಲ್ ಹಾಕೋ’ ಎನ್ನುತ್ತಾರೆ, ಬೌಂಡರಿ ಬಳಿ ನಿಂತವನಿಗೆ ‘ಬೇಗ ಎಸಿಯೋ’ ಎಂದು ಕೂಗುತ್ತಾರೆ. ‘ಎಸೆತ’ ಬರವಣಿಗೆಯಲ್ಲಿ, ವೀಕ್ಷಕ ವಿವರಣೆಯಲ್ಲಿ ಬೆಳೆದ ಪದ.

ಇಂದಿನ ಎಸೆತದ ಒಂದು ನಂಟೂ ಹಳೇಬೀಡಿನ ಹತ್ತಿರವೇ ಇದೆ. ಅಲ್ಲಿಂದ ಅರಸೀಕೆರೆಯ ದಾರಿ ಹಿಡಿದರೆ ನಡುವೆ ಜಾವಗಲ್ ಸಿಗುತ್ತದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ವೇಗದ ಬೌಲರ್ ಶ್ರೀನಾಥ್ ಹೆಸರಿನ ಮುಂದೆ ನಿಂತಿರುವುದು ಪೂರ್ವಿಕರ ಈ ಊರೇ. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ 1989-90ರಲ್ಲಿ ಹೈದರಾಬಾದ್ ವಿರುದ್ಧ ತನ್ನ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದ. ಮುಂದೆ 67 ಟೆಸ್ಟ್‌ಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಬಂದವು. 1996ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ದೆಹಲಿ ಟೆಸ್ಟ್‌ಗೆ ಅವರು ಗಾಯಗೊಂಡು ಹೊರಗುಳಿದಾಗ ಆ ಜಾಗಕ್ಕೆ ಬಂದವರು ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್. ಆ ಪಂದ್ಯದಲ್ಲಿ ಆಸ್ಟ್ರೇಲಿಯಾದ ಸ್ಲೇಟರ್ ಬ್ಯಾಟಿಗೆ ತಾಗಿದ ಚೆಂಡನ್ನು ಸ್ಲಿಪ್‌ನಲ್ಲಿ ಅಜರುದ್ದೀನ್ ಹಿಡಿದ ಕ್ಯಾಚನ್ನು ಜನ ಇನ್ನೂ ನೆನೆಯುತ್ತಾರೆ. ಆ ಎಸೆತ ಜಾನ್ಸನ್ನರದು ಎಂಬುದನ್ನೂ ನೆನೆಯಬೇಕು. ಆಡಿದ್ದು ಎರಡೇ ಟೆಸ್ಟ್. ಒಂದೇ ತಾಲ್ಲೂಕಿನ ನಂಟಿನ ಇಬ್ಬರು ವೇಗಿಗಳು ಒಂದೇ ಕಾಲದಲ್ಲಿ ಭಾರತಕ್ಕೆ ಆಡಿದ್ದು ಸಣ್ಣ ಸಂಗತಿಯಲ್ಲ.

ಅದೇ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಮತ್ತೆ ಆಸ್ಟ್ರೇಲಿಯಾ ಎದುರು ಏಕದಿನ ಪಂದ್ಯ. ಗೆಲ್ಲಲು 216 ಬೇಕು, ಸಚಿನ್ ಔಟಾದಾಗ 164ಕ್ಕೆ ಎಂಟು ವಿಕೆಟ್ ಬಿದ್ದಿತ್ತು. ಶ್ರೀನಾಥ್ ಮತ್ತು ಕುಂಬ್ಳೆ ಔಟಾಗದೆ ಒಂಬತ್ತನೆಯ ವಿಕೆಟ್‌ಗೆ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದರು. ಬೌಲರ್ ಆಗಿ ಬಂದವನು ಬ್ಯಾಟನ್ನೂ ಬೀಸಬಲ್ಲವನಾದರೆ ಕನ್ನಡದಲ್ಲಿ ಕೆಲವೊಮ್ಮೆ ‘ಸವ್ಯಸಾಚಿ’ ಎನ್ನುವುದುಂಟು. ಅದು ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನನ ಹೆಸರು. ಅಲ್ಲಿಗೂ ಬಿಲ್ಲೇ ಬಂತು. ಬೌಲಿಂಗ್ ಆಲ್‌ರೌಂಡರ್‌ನ ಲೆಕ್ಕದಲ್ಲಂತೂ ಎಸೆತ ಎರಡು ಕಡೆ ಬರುತ್ತದೆ: ಹಾಕಿದ್ದು ಒಂದು, ಎದುರಿಸಿದ್ದು ಇನ್ನೊಂದು. ‘30 ಎಸೆತಗಳಲ್ಲಿ 40 ರನ್’ ಎನ್ನುವಾಗ ಅದು ಬ್ಯಾಟಿನ ಅಳತೆಗೋಲೂ ಆಗಿದೆ. ಬಾಣಕ್ಕೆ ಈ ಯೋಗವಿರಲಿಲ್ಲ.

ಈಗ ಪದಕ್ಕೆ ಇನ್ನೊಂದು ಕವಲು ಬೇಕಾಗಿದೆ. ಬೆಂಗಳೂರಿನಲ್ಲಿ 2002ರಲ್ಲಿ ಹುಟ್ಟಿದ ಶ್ರೇಯಾಂಕಾ ಪಾಟೀಲ ಆಫ್‌ಸ್ಪಿನ್ ಹಾಕುವ, ಕೆಳಗಿನ ಕ್ರಮಾಂಕದಲ್ಲಿ ಬೀಸಿ ಆಡುವ ಆಲ್‌ರೌಂಡರ್. 2023ರ ಎಮರ್ಜಿಂಗ್ ಏಷ್ಯಾ ಕಪ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ 2 ರನ್‌ಗೆ 5 ವಿಕೆಟ್. ಆ ಡಿಸೆಂಬರ್‌ನಲ್ಲೇ ಭಾರತ ತಂಡ. 2024ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಫೈನಲ್‌ನಲ್ಲಿ ಬೆಂಗಳೂರಿನ ಪರವಾಗಿ 12 ರನ್‌ಗೆ 4 ವಿಕೆಟ್. ಇಡೀ ಲೀಗ್‌ನಲ್ಲಿ ಅತಿ ಹೆಚ್ಚು, 13 ವಿಕೆಟ್ ಅವರದೇ. ಇವರನ್ನು ನಮ್ಮ ಪತ್ರಿಕೆಗಳು ಹೆಚ್ಚಾಗಿ ‘ಬೌಲರ್’ ಎಂದೇ ಬರೆಯುತ್ತವೆ. ‘ಎಸೆತಗಾರ್ತಿ’ ಎಂದು ಧೈರ್ಯವಾಗಿ ಬರೆಯಬಹುದು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಿಲ್ಲು ಹಿಡಿದು ಬೇಟೆಗೆ ನಿಂತ ಮದನಿಕೆಯೂ ಇದ್ದಾಳೆ. ಎಸುಗೆ ಗಂಡಸರದ್ದಷ್ಟೇ ಎಂದು ಆ ಶಿಲ್ಪಿ ತಿಳಿದಿರಲಿಲ್ಲ.